ಸಣ್ಣ ರೈತರಿಗೆ ಸಾಲ: ಬಡ್ಡಿದರಕ್ಕಿಂತ ದಾಖಲೆಯೇ ತೊಡಕು

ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ರೈತನನ್ನು ಲೇವಾದೇವಿಗಾರನ ಬಡ್ಡಿಯಿಂದ ಪಾರುಮಾಡುವುದು ಅಂದಿನ ಸಹಕಾರ ಚಳವಳಿಯ ಗುರಿಯಾಗಿತ್ತು. ಬಡ್ಡಿದರದ ಮಟ್ಟಿಗೆ ಆ ಗುರಿ ಬಹುಪಾಲು ಈಡೇರಿದೆ. ಆದರೂ ಬಿತ್ತನೆಯ ವೇಳೆಗೆ ಮಂಡಿಯ ದಲ್ಲಾಳಿಯಿಂದ ಮುಂಗಡ ಪಡೆಯುವ ಸಣ್ಣ ರೈತರು ಇಂದಿಗೂ ಇದ್ದಾರೆ. ಇದಕ್ಕೆ ಕಾರಣಗಳನ್ನು ಪರಿಶೀಲಿಸುವುದು ಅಗತ್ಯ.

1998ರಲ್ಲಿ ಜಾರಿಗೆ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯಡಿ 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7, ಸಕಾಲದಲ್ಲಿ ಮರುಪಾವತಿಸಿದವರಿಗೆ ಶೇ. 4 ಮಾತ್ರ. ಸಹಕಾರ ಸಂಘಗಳ ಶೂನ್ಯ ಬಡ್ಡಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಆಯವ್ಯಯದಲ್ಲಿ 5 ಲಕ್ಷಕ್ಕೆ ಏರಿಸಿತು. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನವೂ ಬೇಕಿಲ್ಲ.

ಅಡಮಾನ ಬೇಡವಾದರೂ ಪಹಣಿ ಬೇಕು. ತಂದೆ ತೀರಿಕೊಂಡ ಬಳಿಕ ಪೌತಿ ಖಾತೆಯಾಗದಿದ್ದರೆ ಉಳುವ ಮಗನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗೇಣಿದಾರನ ಸ್ಥಿತಿ ಇನ್ನೂ ಕಠಿಣ. 1974ರ ಭೂಸುಧಾರಣಾ ತಿದ್ದುಪಡಿಯು ಕೆಲವು ವಿನಾಯಿತಿಗಳ ಹೊರತು ಗೇಣಿಯನ್ನು ನಿಷೇಧಿಸಿದ್ದರಿಂದ, ಬಾಯಿಮಾತಿನ ಗೇಣಿಗೆ ಕಾಗದವಿಲ್ಲ; ಕಾಗದವಿಲ್ಲದವನಿಗೆ ಬೆಳೆಸಾಲವೂ ಸುಲಭವಲ್ಲ.

ಎರಡನೆಯ ತೊಡಕು ವಾಯಿದೆ. 1 ಲಕ್ಷ ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿ ಶೇ. 4ರಂತೆ 4,000 ರೂಪಾಯಿ. ವಾಯಿದೆ ಮೀರಿದರೆ ಅದೇ 7,000. ಅನಂತರದ ದಿನಗಳಿಗೆ ರಿಯಾಯಿತಿಯೇ ಇಲ್ಲ. ಆದ್ದರಿಂದ ಧಾರಣೆ ಕುಸಿದಿದ್ದರೂ ರೈತ ಕೊಯ್ಲಾದ ಕೂಡಲೇ ಮಾರಬೇಕಾಗುತ್ತದೆ. ದಲ್ಲಾಳಿಯು ಪಹಣಿ ಕೇಳುವುದಿಲ್ಲ, ನಿಜ. ಆದರೆ ಮುಂಗಡ ಪಡೆದವನು ಫಸಲನ್ನು ಅವನ ಅಂಗಡಿಗೇ ಒಯ್ಯಬೇಕು. ಅಲ್ಲಿ ಕಳೆದುಕೊಳ್ಳುವುದು ಬಡ್ಡಿಯೊಂದನ್ನೇ ಅಲ್ಲ, ಬೆಲೆ ಕೇಳುವ ಸ್ವಾತಂತ್ರ್ಯವನ್ನೂ.

ಪರಿಹಾರಗಳು ಇಲ್ಲದಿಲ್ಲ. ಭೂಮಿಯ ದಾಖಲೆಯಿಲ್ಲದ ಸಾಗುವಳಿದಾರರು 4ರಿಂದ 10 ಮಂದಿ ಸೇರಿ ಜಂಟಿ ಬಾಧ್ಯತಾ ಗುಂಪು ರಚಿಸಿಕೊಂಡು, ಪರಸ್ಪರ ಜಾಮೀನಿನ ಮೇಲೆ ಸಾಲ ಪಡೆಯಬಹುದು. ಕಿಸಾನ್ ಕಾರ್ಡ್ ಹೊಂದಿದ ಸಣ್ಣ ರೈತರು ಫಸಲನ್ನು ಮಾನ್ಯತೆ ಪಡೆದ ಉಗ್ರಾಣದಲ್ಲಿಟ್ಟು, ಅದರ ರಸೀತಿಯ ಮೇಲೆ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯ ಸಾಲ ಪಡೆಯುವ ಅವಕಾಶವೂ ಉಂಟು.

ಬಡ್ಡಿಯನ್ನು ಸೊನ್ನೆಗೆ ಇಳಿಸಿದರೂ ಅದರ ಲಾಭ ಸಾಲ ದೊರೆತವನಿಗೆ ಮಾತ್ರ. ಪೌತಿ ಖಾತೆಯನ್ನು ತ್ವರಿತಗೊಳಿಸುವುದು, ಗೇಣಿದಾರನಿಗೆ ಸಾಲಕ್ಕೆ ಸಾಕಾಗುವಷ್ಟಾದರೂ ಮಾನ್ಯ ದಾಖಲೆ ನೀಡುವುದು ಮತ್ತು ವಾಯಿದೆಯನ್ನು ಮಾರಾಟದ ಕಾಲಕ್ಕೆ ಹೊಂದಿಸುವುದು ಇನ್ನೊಂದು ಬಡ್ಡಿ ರಿಯಾಯಿತಿಗಿಂತ ಹೆಚ್ಚು ಫಲಕಾರಿ.