ಶೆಟ್ಟರ ಅಂಗಡಿ, ಗೌಡರ ಹಗೇವು: ಜಾನಪದ ಲೋಕದಲ್ಲಿ ನಮ್ಮ ಹಳೇ ಮನೆ

ದಸರೆಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳಿಗೆ ಮೀಸಲು. ಜರಿ ಬಟ್ಟೆ ಉಟ್ಟ ಮರದ ರಾಜ-ರಾಣಿ ಅಲ್ಲಿ ನಿಂತಿರುತ್ತಾರೆ. ಆದರೆ ಮಕ್ಕಳು ಮುತ್ತಿಕೊಳ್ಳುವುದು ಕೆಳಗಿನ ಮೆಟ್ಟಿಲನ್ನು, ಯಾಕೆಂದರೆ ಶೆಟ್ಟರ ಅಂಗಡಿ ಇರುವುದು ಅಲ್ಲಿ. ಹೊಟ್ಟೆ ಬಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತ ಶೆಟ್ಟರು, ಪಕ್ಕದಲ್ಲಿ ಅವರ ಹೆಂಡತಿ, ಎದುರಿಗೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ತೊಗರಿಬೇಳೆ, ಕಡಲೆ, ಬೆಲ್ಲದ ಚೂರು. ಹಳೇ ಮೈಸೂರು ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಅಂಗಡಿ ಇಟ್ಟು, ಅಡುಗೆ ಮಾಡಿ, ಸಂಸಾರ ಹೂಡಿ ಆಡಿದ್ದು ಇಂಥ ಬೊಂಬೆಗಳ ಮುಂದೆಯೇ.

ಆ ಅಂಗಡಿಯ ಅಳತೆಪಾತ್ರೆಗಳನ್ನು, ಆ ಅಡುಗೆಮನೆಯ ಸಾಮಾನನ್ನು ನಿಜವಾದ ಗಾತ್ರದಲ್ಲಿ ನೋಡಬೇಕೆಂದರೆ ರಾಮನಗರದ ಹತ್ತಿರ, ಹಳೇ ಬೆಂಗಳೂರು-ಮೈಸೂರು ರಸ್ತೆಯ ಪಕ್ಕದಲ್ಲೇ ಇರುವ ಜಾನಪದ ಲೋಕಕ್ಕೆ ಹೋಗಬೇಕು. ಮಾಕವಳ್ಳಿ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿಗೆ ಅದು ಪರಸ್ಥಳವಲ್ಲ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಹುಟ್ಟಿದ್ದು 1915ರ ಫೆಬ್ರವರಿಯಲ್ಲಿ. ಅದಕ್ಕೆ ಕೆಲವೇ ದಿನ ಮುಂಚೆ, ಜನವರಿ 26ರಂದು, ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದರು. ಒಂದೇ ವರ್ಷ, ಅಕ್ಕಪಕ್ಕದ ಸೀಮೆ. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ಯಲ್ಲಿ ಕವಿ ಆ ಕಾಲದ ಗಂಡ-ಹೆಂಡಿರ ಒಲವನ್ನು, ತವರಿನ ಹಂಬಲವನ್ನು, ಮನೆ ಬಾಗಿಲಿಗೆ ಬರುವ ಬಳೆಗಾರನನ್ನು ಉಳಿಸಿಕೊಟ್ಟರು. ಆ ಸಂಸಾರ ಬಳಸಿದ ಸಾಮಾನನ್ನು ಉಳಿಸಿದವರು ನಾಗೇಗೌಡರು. ನನ್ನ ಮಟ್ಟಿಗೆ ಇವರಿಬ್ಬರ ಕೆಲಸವನ್ನೂ ಒಟ್ಟಿಗೇ ನೋಡಬೇಕು.

ಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಹಳ್ಳಿ ಹಳ್ಳಿ ಸುತ್ತಿ ಹಾಡು, ಕಥೆ ಸಂಗ್ರಹಿಸಿದರು. ವಿದೇಶಿ ಪ್ರವಾಸಿಗರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ‘ದೊಡ್ಡಮನೆ’ ಎಂಬ ಕಾದಂಬರಿಯನ್ನೂ ಬರೆದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. ಅದರ ಆಶ್ರಯದಲ್ಲಿ 15 ಎಕರೆ ಜಾಗದಲ್ಲಿ ಎದ್ದ ಜಾನಪದ ಲೋಕ 1994ರಲ್ಲಿ ಬಾಗಿಲು ತೆರೆಯಿತು. ಹೀಗೆ ಬಾಳಿನ ಕೊನೆಯ ವರ್ಷಗಳನ್ನು ಗೌಡರು ಮೊರ, ಒನಕೆ, ಬೀಸೋಕಲ್ಲುಗಳಿಗೆ ಕೊಟ್ಟರು. 2005ರಲ್ಲಿ ತೀರಿಕೊಂಡರು.

ಒಳಗೆ ಹೋದವರು ಲೋಕಮಾತಾ ಮಂದಿರದಲ್ಲಿ ನಿಧಾನ ಮಾಡಬೇಕು. ಹೆಸರಿಗೆ ತಕ್ಕ ಹಾಗೆ ಅದು ಮನೆಯ ಹೆಂಗಸರ ಲೋಕ. ಅಡುಗೆಯ ಪಾತ್ರೆ ಪಡಗ, ಬೀಸುವ ಕಲ್ಲು, ಮಜ್ಜಿಗೆ ಕಡೆಯುವ ಕಡಗೋಲು, ಕಾಳು ಅಳೆಯುವ ಅಳತೆಗಳು. ನಮ್ಮ ಕಡೆ ಈ ಅಳತೆಗಳದ್ದೇ ಒಂದು ಗಣಿತವಿತ್ತು. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ದೊಡ್ಡ ಲೆಕ್ಕವಾದರೆ ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯನ್ನು ಕೂಡ ಎಕರೆಯಲ್ಲಿ ಹೇಳುತ್ತಿರಲಿಲ್ಲ, ಎಷ್ಟು ಬೀಜ ಹಿಡಿಯುತ್ತದೆ ಎನ್ನುವುದರ ಮೇಲೆ ಖಂಡುಗದ ಗದ್ದೆ, ಹತ್ತು ಕೊಳಗದ ಗದ್ದೆ ಎನ್ನುತ್ತಿದ್ದರು. ಕಣದಲ್ಲಿ ಅಳೆಯಲು ಕೂತವನು ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದೇ ಶುರು ಮಾಡುತ್ತಿದ್ದ.

ಊರ ಶೆಟ್ಟರ ಅಂಗಡಿಯೂ ಇದೇ ಪಾವು, ಸೇರಿನ ಮೇಲೆ ನಡೆಯುತ್ತಿತ್ತು. ಹೆಂಗಸರು ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಹೋಗಿ ಉಪ್ಪು, ಮೆಣಸಿನಕಾಯಿ, ಹೊಗೆಸೊಪ್ಪು ತರುತ್ತಿದ್ದರು. ದುಡ್ಡು ಕೈಯಲ್ಲಿ ಆಡುತ್ತಿದ್ದದ್ದು ಸುಗ್ಗಿಯಲ್ಲಿ ಮಾತ್ರ, ಉಳಿದ ತಿಂಗಳೆಲ್ಲ ಉದ್ರಿ. ಶೆಟ್ಟರು ಲೆಕ್ಕದ ಪುಸ್ತಕ ತೆಗೆದರೆ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತನ ಎನ್ನುವುದೆಲ್ಲ ಅದರಲ್ಲೇ ಗೊತ್ತಾಗುತ್ತಿತ್ತು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ರೂಪಾಯಿಗೆ 16 ಆಣೆಯ ಲೆಕ್ಕ ಹೋಯಿತು. ಅದರ ಬೆನ್ನಿಗೇ ಕಿಲೋ, ಲೀಟರು ಬಂದವು. ಸೇರು, ಪಾವು ಅಡುಗೆಮನೆಗೆ ಸರಿದವು. ಈಗಲೂ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಕ್ಕಿ ಅಳೆಯುವುದು ಪಾವಿನಲ್ಲೇ.

ರಾಗಿಯ ವಿಷಯ ಬಂದರೆ ಹಗೇವಿನ ಮಾತು ಬಿಡುವಂತಿಲ್ಲ. ಗಟ್ಟಿ ನೆಲ ನೋಡಿ ಆಳಕ್ಕೆ ತೋಡುತ್ತಿದ್ದ ಗುಂಡಿ ಅದು. ಬಾಯಿ ಕಿರಿದು, ಒಳಗೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಬರ ಬಂದ ವರ್ಷ ಊರು ಬದುಕುತ್ತಿದ್ದದ್ದು ಅದರಿಂದ. ಆದರೆ ತೆಗೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದದ್ದುಂಟು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಕಾಯಬೇಕು, ಉರಿದರೆ ಇಳಿಯಬಹುದು.

ಹಗೇವಿನಿಂದ ಬಂದ ರಾಗಿ ಬೀಸೋಕಲ್ಲಿಗೆ ಬೀಳುತ್ತಿದ್ದದ್ದು ಕೋಳಿ ಕೂಗುವ ಮುಂಚೆ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಾಳಿನ ಮೇಲೆ. ಎದುರುಬದುರು ಕೂತ ಅತ್ತೆ-ಸೊಸೆ ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು, ದಣಿವು ಗೊತ್ತಾಗದ ಹಾಗೆ ಹಾಡಿಕೊಳ್ಳುತ್ತಿದ್ದರು. ಆ ಹಾಡುಗಳ ಚೆಲುವನ್ನು ಹೊಗಳುವಾಗ ಆ ತೋಳುಗಳ ನೋವನ್ನೂ ನೆನೆಯಬೇಕು. ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದ ಸೊಸೆಯೇ ಎಲ್ಲರಿಗಿಂತ ಮೊದಲು ಏಳಬೇಕಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದದ್ದು ಅವಳಿಗೆ ದೊಡ್ಡ ಬಿಡುಗಡೆ. ಹಳೆಯದೆಲ್ಲ ಚೆನ್ನ ಎನ್ನುವವರು ಆ ಕಲ್ಲನ್ನು ಒಂದು ಗಳಿಗೆ ತಿರುಗಿಸಿ ನೋಡಬೇಕು.

ಜಾನಪದ ಲೋಕದ ಆಯಗಾರರ ಮಾಳದಲ್ಲಿ ಕುಂಬಾರ, ಕಮ್ಮಾರ, ಬಡಗಿ ಮೊದಲಾದವರ ಕಸುಬು ಕಾಣುತ್ತದೆ. ಇವರಿಗೆ ಅಂಗಡಿ ಇರಲಿಲ್ಲ. ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ತಮ್ಮ ಪಾಲಿನ ಧಾನ್ಯ, ಪಡೆಯುತ್ತಿದ್ದರು. ಇವತ್ತು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುವ ನಮ್ಮ ಸೀಮೆಯಲ್ಲಿ ಕಣವೇ ಅಪರೂಪ, ರಾಗಿ ತೆನೆ ಒಕ್ಕಣೆಗೆ ಬೀಳುವುದು ಡಾಂಬರು ರಸ್ತೆಯ ಮೇಲೆ.

ಲೋಕಮಹಲ್‌ನಲ್ಲಿ ಬೊಂಬೆಗಳಿವೆ, ತೊಗಲಿನವು, ಸೂತ್ರದವು. ತೊಗಲುಗೊಂಬೆಯಾಟದಲ್ಲಿ ರಾಮ-ರಾವಣರ ನಡುವೆ ನುಗ್ಗುವ ಕಿಳ್ಳೇಕ್ಯಾತ, ಬಂಗಾರಕ್ಕರ ಜೋಡಿ ನನಗೆ ಬಲು ಪ್ರಿಯ. ಪುರಾಣ ನಿಲ್ಲಿಸಿ ಗಂಡ-ಹೆಂಡತಿ ಜಗಳ ಆಡುತ್ತಾರೆ, ಊರ ಸುದ್ದಿ ತೆಗೆಯುತ್ತಾರೆ. ಮಳೆ ಬರಲೆಂದು ರಾತ್ರಿಯಿಡೀ ಆಡಿಸುತ್ತಿದ್ದ ಆ ಆಟದಲ್ಲಿ ನೋಡುಗರು ತಮ್ಮ ಸಂಸಾರವನ್ನೇ ಪರದೆಯ ಮೇಲೆ ಕಂಡು ನಗುತ್ತಿದ್ದರು.

ಸಾಧ್ಯವಿದ್ದರೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಪಕ್ಕದ ಫಲಕ ವಸ್ತುವಿನ ಹೆಸರು ಹೇಳುತ್ತದೆ. “ಇದು ಅಚ್ಚೇರು ಕಣ್ಮಗ, ನಿಮ್ಮ ತಾತ ಇದ್ರಲ್ಲೇ ಕಡದ ರಾಗಿ ಅಳ್ದು ಕೊಡೋರು” ಎಂದು ಹೇಳುವುದು ಅಜ್ಜಿಗೆ ಮಾತ್ರ ಸಾಧ್ಯ. ಆ ಪೀಳಿಗೆ ದಿನೇ ದಿನೇ ಕರಗುತ್ತಿದೆ.

ಹೋಗುವವರು ದಾರಿ ನೋಡಿಕೊಳ್ಳಬೇಕು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಚನ್ನಪಟ್ಟಣ, ರಾಮನಗರ ಎರಡನ್ನೂ ಊರ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಮಂಡ್ಯ, ಮದ್ದೂರು ದಾಟಿ ಹಳೇ ರಸ್ತೆಯನ್ನೇ ಹಿಡಿದರೆ ಮೊದಲು ಚನ್ನಪಟ್ಟಣದ ಬೊಂಬೆ ಅಂಗಡಿಗಳು ಸಿಗುತ್ತವೆ, ಆಮೇಲೆ ಜಾನಪದ ಲೋಕ. ಹಾಲೆ ಮರ ಕಡೆದು ಅರಗಿನ ಬಣ್ಣ ಕೊಟ್ಟ ಪುಟಾಣಿ ಅಡುಗೆ ಸಾಮಾನು ಚನ್ನಪಟ್ಟಣದ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ಹೆದ್ದಾರಿ ಬಂದ ಮೇಲೆ ಗಿರಾಕಿಗಳು ಕಡಿಮೆಯಾಗಿ ಆ ಅಂಗಡಿಗಳು ಸೊರಗಿವೆ. ಒಂದು ಸೆಟ್ಟು ಕೊಂಡು ಮುಂದೆ ಹೋಗಿ.