ನಿಮಗಿದು ಗೊತ್ತೇ? ಕಂಪ್ಯೂಟರ್ ಪುಸ್ತಕದ ನೆರೆಮನೆಯಲ್ಲಿ ಹಾರುವ ತಟ್ಟೆ!

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕಂಪ್ಯೂಟರ್ ಪುಸ್ತಕ ಹುಡುಕುತ್ತಿದ್ದೀರಾ? ನೆಟ್ಟಗೆ ವಿಜ್ಞಾನದ ಕಪಾಟಿಗೆ ಹೋಗಬೇಡಿ, ಬರಿಗೈಯಲ್ಲಿ ವಾಪಸ್ ಬರುತ್ತೀರಿ. ಮೊಟ್ಟಮೊದಲ ಕಪಾಟಿಗೆ ನಡೆಯಿರಿ. ಪುಸ್ತಕದ ಬೆನ್ನ ಮೇಲೆ 004, 005, 006 ಎಂದು ಚೀಟಿ ಅಂಟಿಸಿರುತ್ತಾರಲ್ಲ, ಅಲ್ಲೇ ಇದೆ ನಿಮ್ಮ ಕಂಪ್ಯೂಟರ್ ಲೋಕ!

ಈ ಅಂಕಿಗಳ ಲೆಕ್ಕ ಹಾಕಿದವರು ಅಮೆರಿಕದ ಮೆಲ್ವಿಲ್ ಡ್ಯೂಯಿ. ಯಾವಾಗ ಗೊತ್ತೇ? 1876ರಲ್ಲಿ! ಆಗ ಕಂಪ್ಯೂಟರ್ ಎಲ್ಲಿತ್ತು? ನೂರು ವರ್ಷ ಕಳೆದು ಕಂಪ್ಯೂಟರ್ ಬಂದು ಬಾಗಿಲು ತಟ್ಟುವಷ್ಟರಲ್ಲಿ ಒಳಗಿನ ಕೋಣೆಗಳೆಲ್ಲ ಭರ್ತಿ. ಖಾಲಿ ಉಳಿದಿದ್ದದ್ದು ಜಗಲಿ ಮಾತ್ರ!

ಆ ಜಗಲಿಯಲ್ಲಿ ಇನ್ಯಾರಿದ್ದಾರೆ ನೋಡಿ. 001.942ರಲ್ಲಿ ಹಾರುವ ತಟ್ಟೆಗಳು. 001.944ರಲ್ಲಿ ಸ್ಕಾಟ್ಲೆಂಡಿನ ಸರೋವರದಲ್ಲಿದೆ ಎನ್ನುವ ನೆಸ್ಸಿ ರಾಕ್ಷಸ. ನಾಲ್ಕು ಹೆಜ್ಜೆ ಆಚೆಗೆ, 006.3ರಲ್ಲಿ, ಕೃತಕ ಬುದ್ಧಿಮತ್ತೆ! (ಚಿಪ್ಪು, ಸರ್ಕ್ಯೂಟು ಬೇಕಾದವರು ಮಾತ್ರ 621.39ರವರೆಗೆ ನಡೆಯಬೇಕು. ಕಾಲಿಗೆ ಒಳ್ಳೆಯ ವ್ಯಾಯಾಮ.)

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪದ್ಧತಿಯೇ ಬೇರೆ. ಅಲ್ಲಿ ಕಂಪ್ಯೂಟರ್ ಗಣಿತದ ಮನೆಯಲ್ಲಿ ಬಾಡಿಗೆಗಿದೆ. ಕ್ಯೂಎ 76.73 ಎಂಬ ಒಂದೇ ಸಂಖ್ಯೆಯಡಿ ಸಿ, ಜಾವಾ, ಪೈಥಾನ್ ಎಲ್ಲ ಭಾಷೆಗಳೂ ಅಕಾರಾದಿಯಾಗಿ ಸಾಲುಗಟ್ಟಿ ಕೂತಿವೆ!

ಇನ್ನು ಆ ಪುಸ್ತಕಗಳ ಮುಖ ನೋಡಿ. ಮೃಗಾಲಯವೇ! ಕಂಪೈಲರ್ ಪುಸ್ತಕಕ್ಕೆ ಡ್ರ್ಯಾಗನ್. ಆಪರೇಟಿಂಗ್ ಸಿಸ್ಟಮ್ ಪುಸ್ತಕಕ್ಕೆ ಡೈನೋಸಾರ್. ಪರ್ಲ್ ಭಾಷೆಯ ಪುಸ್ತಕಕ್ಕೆ ಒಂಟೆ. ಆದರೆ ಓರೈಲಿ ಪ್ರಕಾಶನದ 'ಲರ್ನಿಂಗ್ ಪೈಥಾನ್' ಮುಖಪುಟದಲ್ಲಿ ಏನಿದೆ ಊಹಿಸಿ. ಹಾವಲ್ಲ, ಇಲಿ! ಹೆಬ್ಬಾವಿನ ಊಟ! ಅಷ್ಟಕ್ಕೂ ಆ ಭಾಷೆಗೆ ಹೆಸರು ಬಂದದ್ದು ಹಾವಿನಿಂದ ಅಲ್ಲವೇ ಅಲ್ಲ. 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ತಂಡದಿಂದ.

ಕ್ಯಾಟಲಾಗಿನಲ್ಲಿ 'ಪೈಥಾನ್' ಎಂದು ಹುಡುಕಿದರೆ ಸರೀಸೃಪಗಳ ಪುಸ್ತಕವೂ ಬಂತೇ? 'ನಾಟ್' ಎಂದು ಸೇರಿಸಿ ಹಾವನ್ನು ಓಡಿಸಬಹುದು. ಈ 'ಆ್ಯಂಡ್, ಆರ್, ನಾಟ್' ತರ್ಕವನ್ನು ಬೀಜಗಣಿತದ ಹಾಗೆ ಬಿಡಿಸಿಟ್ಟವರು ಜಾರ್ಜ್ ಬೂಲ್. ಚಮ್ಮಾರರೊಬ್ಬರ ಮಗ. ಅವರು ಅದರ ಬಗ್ಗೆ ದೊಡ್ಡ ಗ್ರಂಥ ಬರೆದದ್ದು 1854ರಲ್ಲಿ. ಡ್ಯೂಯಿಯ ಅಂಕಿಗಳಿಗೂ 22 ವರ್ಷ ಮೊದಲು!

ಯಂತ್ರ ಯೋಚಿಸಬಲ್ಲುದೇ? ಅಲನ್ ಟ್ಯೂರಿಂಗ್ ಈ ಪ್ರಶ್ನೆ ಎತ್ತಿದ ಲೇಖನ ಜಗತ್ಪ್ರಸಿದ್ಧ. ಅದನ್ನು ಕಂಪ್ಯೂಟರ್ ವಿಭಾಗದ ಹಳೆಯ ಜರ್ನಲ್‌ಗಳಲ್ಲಿ ಹುಡುಕಿದರೆ ಸಿಗದು. 1950ರಲ್ಲಿ ಅದು ಅಚ್ಚಾದದ್ದು 'ಮೈಂಡ್' ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ! ಅವರ 1936ರ ಇನ್ನೊಂದು ಹೆಸರಾಂತ ಲೇಖನವೋ, ಗಣಿತದ ಪತ್ರಿಕೆಗೆ ಬರೆದದ್ದು.

'ಲೈಬ್ರರಿ ಯಾಕೆ, ಗೂಗಲ್ ಇದೆಯಲ್ಲ' ಅನ್ನುತ್ತೀರಾ? ತಾಳಿ. ಗೂಗಲ್ ಹುಟ್ಟಿದ್ದೇ ಲೈಬ್ರರಿಯ ಮಡಿಲಲ್ಲಿ! ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೈ ಬ್ರಿನ್ ನಡೆಸಿದ ಸಂಶೋಧನೆಯೇ ಅದರ ಬೇರು. ಹೆಚ್ಚು ಜನ ಉಲ್ಲೇಖಿಸಿದ ಲೇಖನಕ್ಕೆ ಹೆಚ್ಚು ತೂಕ ಎಂಬುದು ವಿದ್ವಾಂಸರ ಹಳೆಯ ಲೆಕ್ಕ. ಅದನ್ನೇ ಅವರು ಜಾಲತಾಣಗಳಿಗೆ ಹೊಂದಿಸಿದರು. 2004ರಲ್ಲಿ ಬಂದ ಗೂಗಲ್ ಸ್ಕಾಲರ್‌ನ ರೂವಾರಿಗಳಲ್ಲಿ ಒಬ್ಬರಾದ ಅನುರಾಗ್ ಆಚಾರ್ಯ ನಮ್ಮ ಖರಗ್‌ಪುರ ಐಐಟಿಯಲ್ಲಿ ಓದಿದವರು!

ಬಿಟ್ಟಿಯಾಗಿ ಲೇಖನ ಓದಲು 'ಆರ್ಕೈವ್' (arXiv) ಇದೆ. 1991ರಲ್ಲಿ ಭೌತವಿಜ್ಞಾನಿಗಳಿಗೆಂದು ಶುರುವಾದದ್ದು, ಈಗ ಕಂಪ್ಯೂಟರ್ ಸಂಶೋಧಕರ ಅಡ್ಡಾ. ಹೆಸರಿನ ನಡುವೆ ಇಂಗ್ಲಿಷಿನ 'ಎಕ್ಸ್' ಇದ್ದಂತೆ ಕಾಣುತ್ತದೆ. ಎಕ್ಸ್ ಅಲ್ಲ, ಅದು ಗ್ರೀಕರ 'ಕೈ' ಅಕ್ಷರ. ಓದಿ ನೋಡಿ: ಆರ್-ಕೈ-ವ್!

ಯಾರು ಏನು ಬರೆದಿದ್ದಾರೆ ಎಂಬ ಪಟ್ಟಿ ಬೇಕೇ? 'ಡಿಬಿಎಲ್‌ಪಿ'ಯಲ್ಲಿ ನೋಡಿ. 1993ರಲ್ಲಿ ಜರ್ಮನಿಯ ಟ್ರಿಯರ್ ಊರಿನಲ್ಲಿ ಶುರುವಾಯಿತು. ಕಾರ್ಲ್ ಮಾರ್ಕ್ಸ್ ಹುಟ್ಟಿದ ಊರೂ ಅದೇ. ಹಾಗಾಗಿಯೋ ಏನೋ, ಇದೂ ಎಲ್ಲರಿಗೂ ಪುಕ್ಕಟೆ!

ನಮ್ಮ ಅನೇಕ ಕಾಲೇಜುಗಳ ಲೈಬ್ರರಿ ಕಂಪ್ಯೂಟರಿನಲ್ಲಿ 'ಕೋಹಾ' ಎಂಬ ತಂತ್ರಾಂಶ ಕಾಣುತ್ತೀರಿ. ಅದು ನ್ಯೂಜಿಲೆಂಡಿನ ಸಣ್ಣ ಲೈಬ್ರರಿಯೊಂದರ ಕೂಸು. 2000ನೇ ಇಸವಿ ಬಂದರೆ ಹಳೆಯ ತಂತ್ರಾಂಶ ಕೈಕೊಟ್ಟೀತು ಎಂಬ ಭಯದಲ್ಲಿ ಮಾಡಿಸಿಕೊಂಡದ್ದು. ಮಾಡಿಸಿಕೊಂಡು ಊರಿಗೆಲ್ಲ ಹಂಚಿಬಿಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ!

ಡೊನಾಲ್ಡ್ ಕ್ನೂತ್ ಅವರ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಕಪಾಟಿನಲ್ಲಿ ಕಂಡರೆ ಕೈಗೆತ್ತಿಕೊಳ್ಳಿ. ತಪ್ಪು ಹುಡುಕಿ! ಮೊದಲು ಕಂಡುಹಿಡಿದವರಿಗೆ ಲೇಖಕರೇ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. 256 ಸೆಂಟ್ ಯಾಕೆ? ಹದಿನಾರರ ಲೆಕ್ಕದಲ್ಲಿ ಅದೇ ಒಂದು 'ಡಾಲರ್'! ಈಗ ಬರುವುದು ಸ್ಯಾನ್ ಸೆರಿಫ್ ಎಂಬ ಇಲ್ಲದ ದೇಶದ ಇಲ್ಲದ ಬ್ಯಾಂಕಿನ ಪತ್ರ. ಅದರಿಂದ ಒಂದು ಲೋಟ ಕಾಫಿಯೂ ಬಾರದು. ಆದರೂ ಜನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ! ಮೂರನೇ ಸಂಪುಟ ಬಂದದ್ದು 1973ರಲ್ಲಿ. ನಾಲ್ಕನೆಯದರ ಮೊದಲ ಭಾಗ? 2011ರಲ್ಲಿ!

ಬೆಂಗಳೂರಿನವರು ಕಾಲರ್ ಸರಿಮಾಡಿಕೊಳ್ಳಬಹುದು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಲಂಡನ್ನಿನ ಅಂಗಡಿಯಲ್ಲಿ ಮಕ್ಕಳು ಜೋಡಿಸುವ ಮೆಕಾನೊ ಆಟಿಕೆ ಕಂಡು, ವಿಷಯಗಳನ್ನೂ ಹಾಗೇ ತುಂಡು ತುಂಡಾಗಿ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತಂತೆ. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣದ ಬೀಜ ಆ ಆಟಿಕೆ! 1962ರಲ್ಲಿ ಅವರು ಕಟ್ಟಿದ ಸಂಶೋಧನಾ ಕೇಂದ್ರ ಡಿಆರ್‌ಟಿಸಿ ಇರುವುದು ಬೆಂಗಳೂರಿನಲ್ಲೇ.

ಓದುಗರ ಹೊತ್ತು ಉಳಿಯಬೇಕು ಎಂಬುದು ರಂಗನಾಥನ್ ಅವರ ಐದು ಗ್ರಂಥಾಲಯ ಸೂತ್ರಗಳಲ್ಲಿ ಒಂದು. ಹುಡುಕಾಟದ ಯಂತ್ರಗಳು ಬರುವುದಕ್ಕೆ ಅರವತ್ತು ವರ್ಷ ಮೊದಲೇ!

ಜರ್ನಲ್‌ಗಳ ಚಂದಾ ದುಬಾರಿ ಎಂಬ ಗೊಣಗಾಟ ಹಳೆಯದು. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವೇ? ಹಾಗಾದರೆ ಈಗಲೇ ಲೈಬ್ರರಿಯನ್ನರ ಹತ್ತಿರ ಲಾಗಿನ್ ಕೇಳಿ!

ಕೊನೆಗೆ ಒಂದು ತುಂಟ ಕೆಲಸ. 'ಶೋಧಗಂಗಾ' ಎಂಬ ತಾಣದಲ್ಲಿ ಭಾರತದ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳಿವೆ. ದುಡ್ಡು ಕೊಡಬೇಕಿಲ್ಲ. ಅಲ್ಲಿ ನಿಮ್ಮ ಮೇಷ್ಟ್ರ ಹೆಸರು ಹಾಕಿ ನೋಡಿ!