ಗೋಲಿನ ಬಾಯಲ್ಲಿ ನಿಂತ ಹುಡುಗ

೨೦೨೧ನೆಯ ಇಸವಿಯ ಆಗಸ್ಟ್ ೫ರ ಬೆಳಿಗ್ಗೆ. ಹೋಟೆಲುಗಳಲ್ಲಿ ಇಡ್ಲಿಯ ಅಟ್ಟೆ ಇಳಿಯುವ ಹೊತ್ತು. ಅಂದು ನಾನು ಇನ್ನೂ ಗಲ್ಲಾದ ಹಿಂದೆಯೇ ಕುಳಿತಿದ್ದೆನು. ಪತ್ರಿಕೆಯ ಮೇಜು ಕನಸಿನಲ್ಲಿಯೂ ಇರಲಿಲ್ಲ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಟೋಕಿಯೋ ಒಲಿಂಪಿಕ್ಸಿನ ಹಾಕಿ ಪಂದ್ಯ ಬರುತ್ತಿತ್ತು. ಭಾರತ ಐದು, ಜರ್ಮನಿ ನಾಲ್ಕು. ಆಟ ಮುಗಿಯಲು ಆರೇಳು ಸೆಕೆಂಡುಗಳಿರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ದೊರೆಯಿತು. ಭಟ್ಟರು ಸೌಟು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಚೆಂಡು ಬಂದಿತು, ಗೋಲಿ ಶ್ರೀಜೇಶರು ಅದನ್ನು ತಡೆದರು, ಪಂದ್ಯ ಮುಗಿಯಿತು. ನಾಲ್ವತ್ತೊಂದು ವರ್ಷಗಳ ತರುವಾಯ ಭಾರತಕ್ಕೆ ಒಲಿಂಪಿಕ್ ಹಾಕಿಯಲ್ಲಿ ಪದಕ ಬಂದಿತ್ತು. ಶ್ರೀಜೇಶರು ಗೋಲಿನ ಕಂಬದ ಮೇಲೇರಿ ಕುಳಿತ ದೃಶ್ಯವನ್ನು ಅಂದು ನೋಡಿದವರಾರೂ ಮರೆತಿರಲಾರರು.

ನಮ್ಮಲ್ಲಿ ಮೇಜು ಒರೆಸುತ್ತಿದ್ದ ಹುಡುಗನೊಬ್ಬನು ಆಗ ಕೇಳಿದನು: "ಆ ಗೋಲಿ ಒಂದು ಗೋಲನ್ನೂ ಹೊಡೆಯಲಿಲ್ಲವಲ್ಲ ಧಣಿ, ಅವನನ್ನೇಕೆ ಇಷ್ಟು ಹೊಗಳುತ್ತಾರೆ?" ಗಿರಾಕಿಗಳ ಬಿಲ್ಲಿನ ಗಡಿಬಿಡಿಯಲ್ಲಿ ನಾನು ಉತ್ತರ ಕೊಡಲಿಲ್ಲ. ತಡವಾಗಿಯಾದರೂ ಈಗ ಕೊಡುತ್ತಿದ್ದೇನೆ.

ಹಾಕಿಯ ಗೋಲು ೧೨ ಅಡಿ ಅಗಲ, ೭ ಅಡಿ ಎತ್ತರ. ಚೆಂಡು ಕ್ರಿಕೆಟ್ ಚೆಂಡಿನಷ್ಟೇ ತೂಕದ್ದು, ಕಲ್ಲಿನಂತಹದು. ಪೆನಾಲ್ಟಿ ಕಾರ್ನರಿನಲ್ಲಿ ಗೋಲಿಯನ್ನೂ ಸೇರಿಸಿ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು. ಉಳಿದವರು ಮೈದಾನದ ನಡುಗೆರೆಗೆ ಹೋಗತಕ್ಕದ್ದು. ಇಷ್ಟು ಕಷ್ಟ ಎಲ್ಲರ ಕಣ್ಣಿಗೂ ಕಾಣುವಂತಹದು. ಕಾಣದಿರುವುದು ಬೇರೆ. ಹತ್ತು ಮಂದಿ ಆಟಗಾರರು ಚೆಂಡಿನ ಹಿಂದೆ ಓಡುತ್ತಿರುವಾಗ ಇಡೀ ಮೈದಾನವನ್ನು ತನ್ನೆದುರಿಗೆ ಕಾಣಬಲ್ಲವನು ಗೋಲಿಯೊಬ್ಬನೇ. ಎಡಗಡೆ ವೈರಿಯೊಬ್ಬನು ಒಂಟಿಯಾಗಿ ನುಸುಳುತ್ತಿರುವುದನ್ನು ಅವನು ಕೂಗಿ ಹೇಳದಿದ್ದರೆ ಫುಲ್‌ಬ್ಯಾಕಿಗೆ ತಿಳಿಯುವ ಮಾರ್ಗವಿಲ್ಲ. ಆದುದರಿಂದ ಗೋಲಿಯ ಮೊದಲನೆಯ ಆಯುಧ ಪ್ಯಾಡಲ್ಲ, ಗಂಟಲು. ಬಾಯಿಲ್ಲದ ಗೋಲಿಯು ಎಷ್ಟು ಚುರುಕಾಗಿದ್ದರೂ ಅರ್ಧ ಗೋಲಿಯೇ ಸರಿ.

ಕೇರಳದ ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಎಂಬ ಊರಿನ ಬೇಸಾಯಗಾರರ ಮನೆಯಲ್ಲಿ ೧೯೮೮ರಲ್ಲಿ ಹುಟ್ಟಿದ ಶ್ರೀಜೇಶನು ಹನ್ನೆರಡರ ಪ್ರಾಯದಲ್ಲಿ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಗೆ ಸೇರಿದನು. ಆಗ ಅವನಿಗೆ ಹಾಕಿಯ ಗಂಧವಿರಲಿಲ್ಲ. ಓಟ, ಉದ್ದಜಿಗಿತ, ವಾಲಿಬಾಲ್ ಎಂದು ಅಲೆದಾಡುತ್ತಿದ್ದ ಹುಡುಗನನ್ನು ಗೋಲಿಯಾಗೆಂದು ಹೇಳಿದವರು ಅಲ್ಲಿನ ಶಿಕ್ಷಕರು. ಹಾಕಿ ಆಡಿದರೆ ಪರೀಕ್ಷೆಯಲ್ಲಿ ಕೃಪಾಂಕ ದೊರೆಯುವುದೆಂಬ ಆಸೆಯೂ ತನಗಿತ್ತೆಂದು ಅವರೇ ನಗುತ್ತ ಹೇಳಿಕೊಂಡದ್ದುಂಟು. ಎಸ್.ಎಸ್.ಎಲ್.ಸಿ.ಯ ಹೊಸ್ತಿಲಲ್ಲಿ ಬೆವರಿದ ನನ್ನಂತಹವನಿಗೆ ಈ ಮಾತು ಕೇಳಿ ಬಹಳ ಸಮಾಧಾನವಾಯಿತು.

ಆದರೆ ಗೋಲಿಯ ಸಲಕರಣೆ ಬಡವರ ಮಾತಲ್ಲ. ಇತರರಿಗೆ ಒಂದು ಕೋಲು, ಒಂದು ಜೊತೆ ಬೂಟು ಸಾಕು. ಗೋಲಿಗೆ ಕಾಲಿನ ಪ್ಯಾಡು, ಪಾದಕ್ಕೆ ಕಿಕ್ಕರು, ಎದೆಗವಚ, ಕೈಗವಸು, ಶಿರಸ್ತ್ರಾಣ ಎಲ್ಲವೂ ಬೇಕು. ತಂದೆಯವರು ಮನೆಯ ಹಸುವನ್ನು ಮಾರಿ ಮಗನಿಗೆ ಇವನ್ನು ಕೊಡಿಸಿದರು. ಹಸುವನ್ನು ಸಾಕಿದ ಮನೆಯವರಿಗೆ ಈ ಒಂದು ವಾಕ್ಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಎಷ್ಟು ಜನರ ಮುಂಬಯಿಯ ಮೊದಲ ಟಿಕೇಟು ಹೀಗೆಯೇ ಬಂದಿಲ್ಲ?

ಮುಂದೆ ಕಿರಿಯರ ರಾಷ್ಟ್ರೀಯ ಶಿಬಿರಕ್ಕೆ ಹೋದಾಗ ಇನ್ನೊಂದು ತೊಡಕು ಎದುರಾಯಿತು. ಅಲ್ಲಿನ ಮಾತು ಹಿಂದಿ. ಹುಡುಗನಿಗೆ ಬರುತ್ತಿದ್ದುದು ಮಲಯಾಳ. ಮುಂದಾಳಾಗಿ ಆಡುವವನು ಮೂಕನಾಗಿದ್ದರೂ ಗೋಲು ಹೊಡೆಯಬಲ್ಲನು. ಕೂಗುವುದೇ ಕಸುಬಾದ ಗೋಲಿಯು ಮಾಡುವುದೇನು? ಕಲಿತನು. ಪರವೂರಿನ ಹೋಟೆಲಿನಲ್ಲಿ ಮೊದಲ ದಿನ ಆರ್ಡರು ಕೂಗಲು ನಾಲಗೆ ತಡವರಿಸಿದ ಸಪ್ಲೈಯರನಿಗೆ ಆ ಕಲಿಕೆಯ ಬೆಲೆ ಗೊತ್ತು.

ನನ್ನದೊಂದು ಹಳೆಯ ಅಪರಾಧವನ್ನು ಇಲ್ಲಿ ಹೇಳಿಬಿಡುವುದು ಲೇಸು. ಹೈಸ್ಕೂಲಿನಲ್ಲಿ ನಾನೂ ಗೋಲಿಯಾಗಿದ್ದೆನು. ಯೋಗ್ಯತೆಯಿಂದ ಬಂದ ಸ್ಥಾನವಲ್ಲ. ಓಡಲಾರದ ದಪ್ಪ ಹುಡುಗನಿಗೆ ಬೇರೆ ಜಾಗವಿರಲಿಲ್ಲ. ತಾಲೂಕಿನ ಒಂದು ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡು ನನ್ನ ಎರಡು ಕಾಲುಗಳ ನಡುವೆಯೇ ನುಸುಳಿಹೋಯಿತು. ತಪ್ಪು ಪೂರ್ತಿ ನನ್ನದು. ಆದರೂ ನಾನು ಫುಲ್‌ಬ್ಯಾಕಾಗಿದ್ದ ಗೆಳೆಯನ ಕಡೆಗೆ ಬೆರಳು ತೋರಿಸಿ ಎಲ್ಲರೆದುರಿನಲ್ಲಿ ಬೈದೆನು. ಅವನು ತುಟಿ ಬಿಚ್ಚಲಿಲ್ಲ. ಮರುವಾರದ ಪಂದ್ಯಕ್ಕೆ ಡ್ರಿಲ್ ಮಾಸ್ತರರು ಪ್ಯಾಡುಗಳನ್ನು ಅವನಿಗೆ ಕಟ್ಟಿಸಿ, "ನೀನು ಕೂತು ನೋಡಯ್ಯಾ" ಎಂದು ನನ್ನನ್ನು ಬೇಲಿಯ ಪಕ್ಕದಲ್ಲಿ ಕೂರಿಸಿದರು. ಅವನಿಗೆ ಗೋಲಿನಲ್ಲಿ ನಿಂತ ಅಭ್ಯಾಸವಿರಲಿಲ್ಲ, ಮೂರು ಗೋಲುಗಳಾದವು. ಎರಡಕ್ಕೆ ಬ್ಯಾಕುಗಳ ತಪ್ಪೇ ಕಾರಣವೆಂಬುದು ನನಗೆ ಸ್ಪಷ್ಟವಾಗಿ ಕಂಡಿತ್ತು. ಮೂರು ಸಲವೂ ಅವನು ತಾನೇ ಚೆಂಡನ್ನು ಬಲೆಯಿಂದ ತೆಗೆದು ಮಧ್ಯಕ್ಕೆ ಎಸೆದು, "ಬನ್ನಿರೋ, ಇನ್ನೂ ಹೊತ್ತಿದೆ" ಎಂದನು. ಪಂದ್ಯ ಸೋತೆವು. ಆದರೆ ಅಂದು ನಾಯಕನಾರೆಂದು ಯಾರಾದರೂ ಕೇಳಿದ್ದರೆ ಹುಡುಗರೆಲ್ಲ ಅವನನ್ನೇ ತೋರಿಸುತ್ತಿದ್ದರು. ಹೆಸರಿಗೆ ನಾಯಕನಾಗಿದ್ದವನು ಬೇರೊಬ್ಬನು. ಮುಂದೆ ಧಣಿಯಾದ ಮೇಲೆ, ಗ್ಲಾಸು ಒಡೆದ ಕ್ಲೀನರನನ್ನು ಗಿರಾಕಿಗಳೆದುರು ಬೈಯಲು ಬಾಯಿ ತೆರೆದಾಗಲೆಲ್ಲ ಆ ಬೇಲಿಯ ಪಕ್ಕದ ಜಾಗ ನೆನಪಿಗೆ ಬಂದಿದೆ. ಕೆಲವು ಸಲ ಬೈದ ಮೇಲೆ ಬಂದಿದೆ, ಅದನ್ನೂ ಮುಚ್ಚಿಡಲಾರೆನು.

ಬಿಟ್ಟ ಗೋಲನ್ನು ಹೊತ್ತುಕೊಂಡು ಬದುಕುವುದೆಂದರೇನೆಂಬುದಕ್ಕೆ ದೊಡ್ಡ ನಿದರ್ಶನ ಶಂಕರ್ ಲಕ್ಷ್ಮಣರದು. ಮಧ್ಯಪ್ರದೇಶದ ಮಹೂ ಕಡೆಯವರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರು. ಆ ದಳದ ಕೇಂದ್ರವು ನಮ್ಮ ಬೆಳಗಾವಿಯಲ್ಲಿಯೇ ಇದೆ. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರಿದ್ದ ಭಾರತ ತಂಡವು ೩೮ ಗೋಲುಗಳನ್ನು ಹೊಡೆದು ಒಂದನ್ನೂ ಬಿಡದೆ ಚಿನ್ನ ಗೆದ್ದಿತು. ೧೯೬೦ರಲ್ಲಿ ರೋಮಿನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವು ಒಂದೇ ಒಂದು ಗೋಲು ಹೊಡೆಯಿತು. ೧೯೨೮ರಿಂದ ಕೈಬಿಡದಿದ್ದ ಚಿನ್ನ ಆ ಒಂದು ಗೋಲಿನಿಂದ ಹೋಯಿತು. ನಾಲ್ಕು ವರ್ಷ ಆ ಭಾರವನ್ನು ಹೊತ್ತವರು ೧೯೬೪ರಲ್ಲಿ ಟೋಕಿಯೋದಲ್ಲಿ ಅದೇ ಪಾಕಿಸ್ತಾನದೆದುರು ಅದೇ ಗೋಲಿನ ಬಾಯಲ್ಲಿ ನಿಂತರು. ಈ ಸಲ ಒಂದು ಗೋಲು ಭಾರತದ್ದಾಯಿತು, ಎದುರಾಳಿಗೆ ಸೊನ್ನೆ. ೧೯೬೬ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಿಗೆ ಅವರನ್ನೇ ನಾಯಕರನ್ನಾಗಿ ಮಾಡಲಾಯಿತು. ಗೋಲಿಯೊಬ್ಬನಿಗೆ ಭಾರತದ ನಾಯಕತ್ವ ದೊರೆತುದು ಅದೇ ಮೊದಲು. ಅಲ್ಲಿಯೂ ಚಿನ್ನ ಬಂದಿತು. ೨೦೦೬ರಲ್ಲಿ ಅವರು ಕಾಲಿನ ಗ್ಯಾಂಗ್ರೀನಿನಿಂದ ನರಳಿ ಬಡತನದಲ್ಲಿ ತೀರಿಕೊಂಡರು. ಎಷ್ಟೋ ಗೋಲುಗಳನ್ನು ತಡೆದ ಕಾಲು ಅದು.

ಏಷ್ಯನ್ ಕ್ರೀಡೆಗಳ ಆ ಚಿನ್ನ ಮರಳಿ ಬರಲು ೩೨ ವರ್ಷ ಹಿಡಿಯಿತು. ೧೯೯೮ರಲ್ಲಿ, ಮತ್ತೆ ಬ್ಯಾಂಕಾಕಿನಲ್ಲಿಯೇ, ದಕ್ಷಿಣ ಕೊರಿಯಾದೆದುರು ಟೈಬ್ರೇಕರಿನಲ್ಲಿ ಅದನ್ನು ಗೆದ್ದುಕೊಟ್ಟವರು ಗೋಲಿ ಆಶಿಷ್ ಬಲ್ಲಾಳರು. ೨೦೧೪ರಲ್ಲಿ ಇಂಚಿಯಾನಿನಲ್ಲಿ ಪಾಕಿಸ್ತಾನದೆದುರು ಶೂಟ್‌ಔಟಿನಲ್ಲಿ ಎರಡನ್ನು ತಡೆದವರು ಶ್ರೀಜೇಶರು.

ಶ್ರೀಜೇಶರೂ ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ನಾಯಕರಾಗಿದ್ದರು. ಅಲ್ಲಿ ಕ್ವಾರ್ಟರ್ ಫೈನಲಿನಲ್ಲಿಯೇ ಸೋತರು. ಮರುವರ್ಷ ಮೊಣಕಾಲು ಮುರುಟಿ ತಿಂಗಳುಗಟ್ಟಲೆ ಹೊರಗುಳಿದರು. ಪದಕ ತಂದ ಎರಡು ಒಲಿಂಪಿಕ್ಸುಗಳಲ್ಲಿಯೂ ನಾಯಕನ ಪಟ್ಟಿ ಅವರ ತೋಳಿನ ಮೇಲಿರಲಿಲ್ಲ. ಟೋಕಿಯೋದಲ್ಲಿ ಮನ್‌ಪ್ರೀತ್ ಸಿಂಗರು ನಾಯಕರು, ೨೦೨೪ರ ಪ್ಯಾರಿಸಿನಲ್ಲಿ ಹರ್ಮನ್‌ಪ್ರೀತ್ ಸಿಂಗರು. ಒಂದು ಕಾಲದಲ್ಲಿ ತಾನೇ ಧಣಿಯಾಗಿದ್ದವನು ಮತ್ತೊಬ್ಬರ ಗಲ್ಲಾದ ಕೆಳಗೆ ಮನಸ್ಸು ಕಹಿಯಾಗದೆ ದುಡಿಯುವುದು ಎಷ್ಟು ಕಠಿಣವೆಂಬುದನ್ನು ನಾನು ಈ ಬೀದಿಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಪ್ಯಾರಿಸಿನಲ್ಲಿ ಗ್ರೇಟ್ ಬ್ರಿಟನ್ನಿನೆದುರು ಎರಡನೆಯ ಕ್ವಾರ್ಟರಿನಲ್ಲಿಯೇ ಅಮಿತ್ ರೋಹಿದಾಸರಿಗೆ ಕೆಂಪು ಕಾರ್ಡು ತೋರಿಸಲಾಯಿತು. ನಾಲ್ವತ್ತು ನಿಮಿಷಗಳಿಗೂ ಮಿಕ್ಕಿ ಹತ್ತೇ ಮಂದಿಯ ಆಟ. ಹಿಂದಿನಿಂದ ಒಂದು ಧ್ವನಿ ನಿಲ್ಲದೆ ಕೂಗುತ್ತಲೇ ಇದ್ದಿತು. ೧–೧ರ ಸಮದಿಂದ ಶೂಟ್‌ಔಟಿಗೆ ಹೋಗಿ ಭಾರತ ೪–೨ರಿಂದ ಗೆದ್ದಿತು. ನಾಲ್ಕು ದಿನಗಳ ಮೇಲೆ ಸ್ಪೇನನ್ನು ೨–೧ರಿಂದ ಸೋಲಿಸಿ ಕಂಚನ್ನು ಪಡೆದ ದಿನವೇ ಶ್ರೀಜೇಶರು ಪ್ಯಾಡು ಬಿಚ್ಚಿದರು. ಅವರ ೧೬ನೆಯ ನಂಬರಿನ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಸಾರಿತು. ಅವರು ಕಿರಿಯರ ತಂಡದ ಶಿಕ್ಷಕರಾದರು. ಆ ವರ್ಷವೇ ಅವರ ಹುಡುಗರು ಮಸ್ಕತ್ತಿನಲ್ಲಿ ಕಿರಿಯರ ಏಷ್ಯಾ ಕಪ್ ಗೆದ್ದರು.

ಅಂದು ಮೇಜು ಒರೆಸುತ್ತ ಪ್ರಶ್ನೆ ಕೇಳಿದ ಹುಡುಗನು ಈಗ ಪುಣೆಯ ಒಂದು ಹೋಟೆಲಿನಲ್ಲಿ ಸಪ್ಲೈಯರನಾಗಿದ್ದಾನೆಂದು ಕೇಳಿದ್ದೇನೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅಲ್ಲಿಗೆ ಹೋಗುವ ಕಟ್ಟಿನಲ್ಲಿ ಅವನ ಹೆಸರು ಬರೆದು ಇರಿಸಿದ್ದೇನೆ.